ಅಡಿಕೆ ಸಿಪ್ಪೆ ಕಾರ್ಖಾನೆ ನೀರಿನ ಲೋಹ ಹಿಡಿಯುತ್ತಂತೆ. ಹಿಡಿದ ಮೇಲೆ ಆ ಸಿಪ್ಪೆ ಎಲ್ಲಿಗೆ ಹೋಗಬೇಕು?

ತೋಟದಮನೆ (ತೀರ್ಥಹಳ್ಳಿ)

ನಮ್ಮ ಕಡೆ ಅಡಿಕೆ ಸುಲಿತ ಶುರುವಾದರೆ ಸಾಕು, ರಸ್ತೆ ಪಕ್ಕ ಎಲ್ಲಿ ನೋಡಿದರೂ ಸಿಪ್ಪೆ ರಾಶಿ. ಟ್ರ್ಯಾಕ್ಟರಲ್ಲಿ ತಂದು ಸುರಿದು ಹೋಗುತ್ತಾರೆ. ಮಳೆ ಬಿದ್ದರೆ ಕೊಳೆತು ನಾರುತ್ತದೆ. ಒಣಗಿದರೆ ಯಾರೋ ಬೆಂಕಿ ಇಡುತ್ತಾರೆ, ಆಮೇಲೆ ದಿನಗಟ್ಟಲೆ ಹೊಗೆ. ವಯಸ್ಸಾದವರಿಗೆ ಕೆಮ್ಮು ನಿಲ್ಲುವುದಿಲ್ಲ.

ಮೊನ್ನೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬಂದು ಒಂದು ಚೀಲ ಸಿಪ್ಪೆ ಕೇಳಿದ. ಕಾಲೇಜ್ ಪ್ರಾಜೆಕ್ಟಂತೆ. ಕಾರ್ಖಾನೆ ನೀರಲ್ಲಿರುವ ಕ್ರೋಮಿಯಂ, ಸೀಸ, ನಿಕ್ಕಲ್ ಎಲ್ಲವನ್ನೂ ಇದು ಹೀರಿಕೊಳ್ಳುತ್ತದೆ ಅಂದ. ಇದು ನಿಜಾನಾ? ನಿಜ ಆದರೆ ಯಾರಾದರೂ ಕೊಳ್ಳುತ್ತಾರಾ? ನಮ್ಮ ಊರಲ್ಲಿ ಹಸಿ ಅಡಿಕೆ ಸುಲಿದು ಬೇಯಿಸುತ್ತೇವೆ, ಹಾಗಾಗಿ ಸಿಪ್ಪೆಯೂ ಹಸಿ. ಮಂಗಳೂರು ಕಡೆ ಚಾಲಿ ಮಾಡುವವರು ಅಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಸುಲಿಯುತ್ತಾರೆ, ಅವರ ಸಿಪ್ಪೆ ಒಣ ನಾರು. ಎರಡೂ ಒಂದೇ ಕೆಲಸ ಮಾಡುತ್ತವಾ? ತಿಳಿದವರು ಹೇಳಿ.

ಬೀಕರ್

ನಿಜ. ಹುಡುಗ ಸುಳ್ಳು ಹೇಳಿಲ್ಲ. ನಾನು ಕೆಮಿಸ್ಟ್ರಿ ಲ್ಯಾಬಲ್ಲಿ ಇದೇ ಕೆಲಸ ಮಾಡುತ್ತೇನೆ.

ಸಿಪ್ಪೆ, ಹೊಟ್ಟು, ತೆಂಗಿನ ನಾರಿನ ಪುಡಿ, ಶೇಂಗಾ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಇವೆಲ್ಲದರಲ್ಲೂ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಇರುತ್ತದೆ. ಹಣ್ಣಿನ ಸಿಪ್ಪೆಗಳಲ್ಲಿ ಪೆಕ್ಟಿನ್ ಜಾಸ್ತಿ. ಇವುಗಳ ಮೈಮೇಲೆ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್ ಅನ್ನುವ ಗುಂಪುಗಳು ಇರುತ್ತವೆ. ಗಿಡ ಬದುಕಿದ್ದಾಗ ಅಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಷಿಯಂ ಕೂತಿರುತ್ತದೆ. ಸೀಸವೋ ತಾಮ್ರವೋ ಇರುವ ನೀರಿಗೆ ಹಾಕಿದಾಗ ಆ ಲೋಹ ಒಳಗೆ ಬಂದು ಕೂರುತ್ತದೆ, ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ನೀರನ್ನು ಅಳೆದರೆ ಎರಡೂ ಕಾಣುತ್ತದೆ, ಸೀಸ ಕಮ್ಮಿ, ಕ್ಯಾಲ್ಸಿಯಂ ಜಾಸ್ತಿ.

ಆದರೆ ನೀರಿನ ಪಿಎಚ್, ಅಂದರೆ ಹುಳಿಯ ಅಳತೆ, ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಂಕಿ ಕಮ್ಮಿ ಆದಷ್ಟೂ ಹುಳಿ ಜಾಸ್ತಿ. ಪಿಎಚ್ 2ರಷ್ಟು ಹುಳಿ ಇದ್ದರೆ ಆ ಜಾಗಗಳನ್ನೆಲ್ಲ ಹೈಡ್ರೋಜನ್ ಹಿಡಿದುಬಿಡುತ್ತದೆ, ಸೀಸಕ್ಕೆ ಜಾಗ ಇಲ್ಲ. 5ರ ಆಸುಪಾಸಲ್ಲಿ ಚೆನ್ನಾಗಿ ಹಿಡಿಯುತ್ತದೆ. 6 ದಾಟಿ ಮೇಲೆ ಹೋದರೆ ತಾಮ್ರ, ಸೀಸ ತಾವಾಗಿಯೇ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಇಳಿಯಲು ಶುರುವಾಗುತ್ತವೆ. ಆಗ ಸಿಪ್ಪೆ ಹಿಡಿಯಿತು ಅಂತ ಬರೆದುಕೊಂಡರೆ ಅದು ತಪ್ಪು ಲೆಕ್ಕ. ಪ್ರಾಜೆಕ್ಟ್ ಮಾಡುವವರು ಸಿಪ್ಪೆ ಹಾಕದ ಒಂದು ಬಾಟಲಿಯನ್ನು ಪಕ್ಕದಲ್ಲಿ ಇಡಲೇಬೇಕು.

ಕ್ರೋಮಿಯಂ ಕತೆ ಬೇರೆ. ಅದನ್ನು ಇನ್ನೊಂದು ಪೋಸ್ಟಲ್ಲಿ ಬರೆಯುತ್ತೇನೆ.

ಇಟಿಪಿ ಶಿಫ್ಟ್ (ಪೀಣ್ಯ)

ಕ್ರೋಮಿಯಂ ಬಗ್ಗೆ ನಾನೂ ಸ್ವಲ್ಪ ಹೇಳಬಹುದು. ಬಹಳ ವರ್ಷದಿಂದ ಎಲೆಕ್ಟ್ರೋಪ್ಲೇಟಿಂಗ್ (ಲೋಹದ ಲೇಪ ಕೊಡುವ) ಯೂನಿಟ್‌ಗಳ ಇಟಿಪಿಯಲ್ಲಿ, ಅಂದರೆ ಕೊಳಕು ನೀರು ಸಂಸ್ಕರಿಸುವ ಘಟಕದಲ್ಲಿ, ಕೆಲಸದಲ್ಲಿದ್ದೇನೆ.

ಪೀಣ್ಯದ ಬೋರ್‌ವೆಲ್ ನೀರಲ್ಲಿ ಕ್ರೋಮಿಯಂ ಇದೆ ಅನ್ನುವುದು ಹೊಸ ಸುದ್ದಿ ಅಲ್ಲ. ಪಾತ್ರೆಗೆ, ನಲ್ಲಿಗೆ, ಬೈಕಿನ ಭಾಗಕ್ಕೆ ಹೊಳಪು ಕೊಡುವುದು ಕ್ರೋಮಿಕ್ ಆಸಿಡ್ ತೊಟ್ಟಿ. ತೊಟ್ಟಿಯಿಂದ ಎತ್ತಿದ ವಸ್ತುವನ್ನು ನೀರಲ್ಲಿ ಅದ್ದಿ ತೊಳೆಯುತ್ತಾರೆ. ಆ ತೊಳೆದ ನೀರು ಹಳದಿ. ಅದರಲ್ಲಿರುವುದೇ ಕ್ರೋಮಿಯಂ-6, ಕ್ರೋಮಿಯಂನ ಕ್ಯಾನ್ಸರ್ ತರುವ ರೂಪ.

ಅದಕ್ಕೆ ನಾವು ಮಾಡುವುದು ಹೀಗೆ. ಮೊದಲು ಆಸಿಡ್ ಹಾಕಿ ಪಿಎಚ್ ಅನ್ನು 2, 3ರ ಮಟ್ಟಕ್ಕೆ ಇಳಿಸುತ್ತೇವೆ. ಸೋಡಿಯಂ ಮೆಟಾಬೈಸಲ್ಫೈಟ್ ಹಾಕುತ್ತೇವೆ. ಕಣ್ಣೆದುರೇ ಹಳದಿ ಹೋಗಿ ತಿಳಿ ಹಸಿರು ಬರುತ್ತದೆ. ಅಂದರೆ ಕ್ರೋಮಿಯಂ-6 ಈಗ ಕ್ರೋಮಿಯಂ-3 ಆಯಿತು. ಆಮೇಲೆ ಸುಣ್ಣ ಹಾಕಿ ಪಿಎಚ್ 8ರ ಆಸುಪಾಸಿಗೆ ಏರಿಸಿದರೆ ಹಸಿರು ಗಸಿ ತಳಕ್ಕೆ ಕೂರುತ್ತದೆ. ಗಸಿಯನ್ನು ಫಿಲ್ಟರ್ ಪ್ರೆಸ್‌ಗೆ ಹಾಕಿ, ಒಣಗಿಸಿ, ಅಪಾಯಕಾರಿ ತ್ಯಾಜ್ಯ ಅಂತ ದಾಬಸ್‌ಪೇಟೆ ಕಡೆಯ ವಿಲೇವಾರಿ ಜಾಗಕ್ಕೆ ಕಳಿಸಬೇಕು.

ನದಿಗೆ ಬಿಡುವ ನೀರಿನಲ್ಲಿ ಕ್ರೋಮಿಯಂ-6 ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು, ಒಟ್ಟು ಕ್ರೋಮಿಯಂ 2 ದಾಟಬಾರದು. ಸುಣ್ಣ ಸರಿಯಾಗಿ ಹಾಕಿದರೆ ಇದು ಸಿಗುತ್ತದೆ. ಹಾಗಿದ್ದಮೇಲೆ ಸಿಪ್ಪೆ ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ.

ತೋಟದಮನೆ (ತೀರ್ಥಹಳ್ಳಿ)

ಸುಣ್ಣದ ವಿಷಯ ನಮಗೂ ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಹಾಕುತ್ತೇವೆ. ಸುಣ್ಣ ಕಮ್ಮಿ ಆದರೆ ಹಿಂಗಾರ ಸುಟ್ಟು ಹೋಗುತ್ತದೆ. ಅದಕ್ಕೆ ಕಬ್ಬಿಣದ ಚಾಕು ಅದ್ದಿ ನೋಡುತ್ತೇವೆ. ಚಾಕು ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಇನ್ನಷ್ಟು ಸುಣ್ಣ ಬೇಕು ಅಂತ.

ಇಟಿಪಿ ಶಿಫ್ಟ್ (ಪೀಣ್ಯ)

ನಾವು ಮಾಡುವುದೂ ಅದನ್ನೇ ಸ್ವಾಮಿ. ನೀವು ಗಸಿಯನ್ನು ಮರಕ್ಕೆ ಹೊಡೆಯುತ್ತೀರಿ, ನಾವು ಗಸಿಯನ್ನು ತೆಗೆದು ನೀರನ್ನು ಬಿಡುತ್ತೇವೆ.

ಬೀಕರ್

ತೋಟದಮನೆಯವರ ಮಾತಿನಲ್ಲಿ ಒಂದು ಮುಖ್ಯ ವಿಷಯ ಇದೆ. ಬೋರ್ಡೋ ಹೊಡೆದ ತೋಟದ ಸಿಪ್ಪೆಯ ಮೇಲೆ ಮೊದಲೇ ತಾಮ್ರ ಇರಬಹುದು. ಅದನ್ನು ತೊಳೆಯದೆ ಹುಳಿ ನೀರಿಗೆ ಹಾಕಿದರೆ ತಾಮ್ರ ಕರಗಿ ನೀರಿಗೆ ಬರುತ್ತದೆ. ಸಿಪ್ಪೆ ತರುವವರು ಯಾವ ತೋಟ, ಎಷ್ಟು ಸಲ ಔಷಧಿ ಹೊಡೆದದ್ದು ಅಂತ ಬರೆದುಕೊಳ್ಳಬೇಕು. ಹಾಗೆ ಬರೆದುಕೊಳ್ಳುವವರು ಅಪರೂಪ.

ಹಸಿ ಸಿಪ್ಪೆ, ಒಣ ಸಿಪ್ಪೆ ಬಗ್ಗೆ ಕೇಳಿದ್ದಿರಿ. ಲೋಹ ಎರಡೂ ಹಿಡಿಯುತ್ತವೆ. ಆದರೆ ಹಸಿ ಸಿಪ್ಪೆಯಿಂದ ಬಣ್ಣ ಬಿಡುತ್ತದೆ. ಅಡಿಕೆ ಬೇಯಿಸುವಾಗ ಚೊಗರು ಬರುತ್ತದಲ್ವಾ, ಅದೇ ಜಾತಿಯ ಟ್ಯಾನಿನ್. ಸಿಪ್ಪೆ ಪುಡಿಯನ್ನು ಬೀಕರಲ್ಲಿ ನೆನೆಹಾಕಿದರೆ ಬೆಳಗ್ಗೆ ಹೊತ್ತಿಗೆ ನೀರು ಕಂದು. ಲೋಹ ಕಮ್ಮಿ ಆಯಿತು, ಆದರೆ ನೀರಲ್ಲಿ ಸಾವಯವ ಕೊಳೆ ಏರಿತು. ಆ ಕೊಳೆಯನ್ನು ಅಳೆಯುವುದು ಸಿಒಡಿ ಅನ್ನುವ ಲೆಕ್ಕದಲ್ಲಿ. ಹೊರಗೆ ಬಿಡುವ ನೀರಿಗೆ ಸಿಒಡಿ ಮಿತಿ ಲೀಟರಿಗೆ 250 ಮಿಲಿಗ್ರಾಂ. ಲೋಹದಲ್ಲಿ ಪಾಸಾಗಿ ಇದರಲ್ಲಿ ಫೇಲ್ ಆಗಬಹುದು. ಹಾಗಾಗಿ ಕಾಸ್ಟಿಕ್ ಸೋಡಾ ನೀರಲ್ಲಿ ಮೊದಲೇ ತೊಳೆಯುತ್ತಾರೆ. ಆ ತೊಳೆದ ನೀರೂ ಕಪ್ಪು, ಅದಕ್ಕೂ ಒಂದು ದಾರಿ ಬೇಕು. ಒಣ ಚಾಲಿ ಸಿಪ್ಪೆಯಲ್ಲಿ ಈ ತೊಂದರೆ ಕಮ್ಮಿ, ಸಾಗಿಸುವುದೂ ಸುಲಭ.

ಈಗ ಕ್ರೋಮಿಯಂ. ಕ್ರೋಮಿಯಂ-6 ನೀರಲ್ಲಿ ಋಣ ಚಾರ್ಜ್ ಇರುವ ಕ್ರೋಮೇಟ್ ಆಗಿ ಇರುತ್ತದೆ. ಸೀಸ, ತಾಮ್ರ ಧನ ಚಾರ್ಜಿನವು. ಹಾಗಾಗಿ 5ರಲ್ಲಿ ಸೀಸ ಹಿಡಿಯುವ ಸಿಪ್ಪೆ ಅಲ್ಲಿ ಕ್ರೋಮೇಟನ್ನು ದೂರ ತಳ್ಳುತ್ತದೆ. ಪಿಎಚ್ 2ಕ್ಕೆ ಇಳಿಸಿದರೆ ಹಿಡಿಯುತ್ತದೆ. ಆದರೆ ಅಲ್ಲಿ ಇನ್ನೊಂದು ನಡೆಯುತ್ತದೆ. ಸಿಪ್ಪೆಯಲ್ಲಿರುವ ಲಿಗ್ನಿನ್, ಟ್ಯಾನಿನ್ ಆ ಕ್ರೋಮಿಯಂ-6ಗೆ ಎಲೆಕ್ಟ್ರಾನ್ ಕೊಟ್ಟು ಕ್ರೋಮಿಯಂ-3 ಮಾಡುತ್ತವೆ. ಅದರಲ್ಲಿ ಸ್ವಲ್ಪ ಸಿಪ್ಪೆ ಮೇಲೆ ಕೂರುತ್ತದೆ, ಉಳಿದದ್ದು ವಾಪಸ್ ನೀರಿಗೆ ಬರುತ್ತದೆ.

ಕಾಲೇಜ್ ಲ್ಯಾಬುಗಳಲ್ಲಿ ಕ್ರೋಮಿಯಂ-6 ಅಳೆಯುವುದು ಡೈಫಿನೈಲ್ ಕಾರ್ಬಜೈಡ್ ಹಾಕಿ. ನೇರಳೆ ಬಣ್ಣ ಬರುತ್ತದೆ, 540 ನ್ಯಾನೋಮೀಟರಲ್ಲಿ ಓದುತ್ತಾರೆ. ಸಿಪ್ಪೆ ಹಾಕಿದ ಮೇಲೆ ನೇರಳೆ ಬರಲಿಲ್ಲ, ಹಾಗಾದರೆ ಕ್ರೋಮಿಯಂ ಎಲ್ಲ ಹೋಯಿತು ಅಂತ ಪೋಸ್ಟರಲ್ಲಿ ಹಾಕುತ್ತಾರೆ. ಹೋಗಿರುವುದು ಕ್ರೋಮಿಯಂ-6 ಮಾತ್ರ. ಕ್ರೋಮಿಯಂ-3ಕ್ಕೆ ಆ ಔಷಧಿ ಬಣ್ಣ ಕೊಡುವುದೇ ಇಲ್ಲ. ಒಟ್ಟು ಕ್ರೋಮಿಯಂ ಅನ್ನು ಎಎಎಸ್ ಯಂತ್ರದಲ್ಲಿ (ಲೋಹ ಯಾವ ರೂಪದಲ್ಲಿದ್ದರೂ ಅದು ಲೆಕ್ಕ ಹಿಡಿಯುತ್ತದೆ) ಅಳೆಯದೆ ಯಾವ ಮಾತನ್ನೂ ಹೇಳಬಾರದು. ಆ ಹುಡುಗ ಮತ್ತೆ ಸಿಕ್ಕರೆ ದಯವಿಟ್ಟು ಇದನ್ನು ತಿಳಿಸಿ.

ನದಿ ಕೆಳಗಿನವಳು

ನಮ್ಮದು ಬೈರಮಂಗಲ ಕೆರೆ ಹತ್ತಿರ. ಬೆಂಗಳೂರು ವೃಷಭಾವತಿಗೆ ಬಿಟ್ಟದ್ದೆಲ್ಲ ನಮ್ಮ ಕೆರೆಗೆ ಬರುತ್ತದೆ, ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಅದೇ ನೀರಲ್ಲಿ ಮೇವಿನ ಹುಲ್ಲು ಬೆಳೆಯುತ್ತೇವೆ, ಅದೇ ಹುಲ್ಲು ತಿಂದ ಹಸು ಹಾಲು ಕೊಡುತ್ತದೆ. ಬಾವಿ ನೀರು ಮುಟ್ಟುವ ಹಾಗಿಲ್ಲ.

ನಾನು ಕೇಳುವುದು ಇಷ್ಟೇ. ಗದ್ದೆಗೆ ನೀರು ಬರುವ ಕಾಲುವೆಯಲ್ಲಿ ತೆಂಗಿನ ನಾರೋ ಅಡಿಕೆ ಸಿಪ್ಪೆಯೋ ಚೀಲಕ್ಕೆ ತುಂಬಿ ಅಡ್ಡ ಇಟ್ಟರೆ ಉಪಯೋಗ ಇದೆಯಾ? ನಮ್ಮಲ್ಲಿ ತೆಂಗಿನ ನಾರಿಗೆ ಬರ ಇಲ್ಲ.

ಬೀಕರ್

ಅಕ್ಕಾ, ನೇರವಾಗಿ ಹೇಳುತ್ತೇನೆ. ಉಪಯೋಗ ಇಲ್ಲ. ಲ್ಯಾಬಲ್ಲಿ ನಾವು ಶುದ್ಧ ನೀರಿಗೆ ಒಂದೇ ಲೋಹ ಹಾಕಿ, ಗಂಟೆಗಟ್ಟಲೆ ಅಲ್ಲಾಡಿಸುತ್ತೇವೆ. ಕಾಲುವೆಯಲ್ಲಿ ನೀರು ಚೀಲ ದಾಟುವುದು ಒಂದು ಕ್ಷಣದಲ್ಲಿ. ಆ ನೀರಲ್ಲಿ ಲೋಹಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಕ್ಯಾಲ್ಸಿಯಂ, ಸೋಡಿಯಂ, ಸೋಪು, ಮಲಮೂತ್ರದ ಕೊಳೆ ಇರುತ್ತದೆ. ಎಲ್ಲವೂ ಅದೇ ಜಾಗಕ್ಕೆ ಬಡಿದಾಡುತ್ತವೆ. ಜೊತೆಗೆ ಕೊಳಚೆ ನೀರಲ್ಲಿ ಬಹಳಷ್ಟು ಲೋಹ ಕರಗಿದ ರೂಪದಲ್ಲಿ ಇರುವುದಿಲ್ಲ, ಕೆಸರಿನ ಕಣಕ್ಕೆ ಅಂಟಿಕೊಂಡು ಬರುತ್ತದೆ. ಅದನ್ನು ಸಿಪ್ಪೆ ಹಿಡಿಯುವುದಿಲ್ಲ. ಚೀಲ ಬೇಗ ಕಟ್ಟಿಕೊಂಡು ಕೊಳೆಯುತ್ತದೆ, ಅಷ್ಟೆ.

ಚೀಲ ಇಟ್ಟಿದ್ದೇವೆ ಅನ್ನುವ ಧೈರ್ಯದಲ್ಲಿ ಅದೇ ನೀರಲ್ಲಿ ಸೊಪ್ಪು ಬೆಳೆದರೆ ಅದು ಇನ್ನೂ ಅಪಾಯ. ಸೊಪ್ಪು, ಬೇರಿನ ತರಕಾರಿ ಲೋಹವನ್ನು ಜಾಸ್ತಿ ಎಳೆಯುತ್ತವೆ.

ನದಿ ಕೆಳಗಿನವಳು

ಹೇಳಿದ್ದು ಒಳ್ಳೆಯದಾಯಿತು. ಆದರೆ ಮನಸ್ಸಿಗೆ ಬೇಜಾರಾಗುತ್ತದೆ. ಮೇಲೆ ಒಬ್ಬರು ಸುಣ್ಣ ಹಾಕಿದರೆ ಮಿತಿ ಸಿಗುತ್ತದೆ ಅಂದರು. ಎಲ್ಲರೂ ಹಾಕಿದ್ದರೆ ನಮಗೆ ಈ ನೀರು ಯಾಕೆ ಬರುತ್ತಿತ್ತು?

ಇಟಿಪಿ ಶಿಫ್ಟ್ (ಪೀಣ್ಯ)

ನಿಮ್ಮ ಪ್ರಶ್ನೆ ನ್ಯಾಯವಾಗಿದೆ. ಒಳಗಿನ ಸ್ಥಿತಿ ಹೇಳುತ್ತೇನೆ.

ದೊಡ್ಡ ಕಾರ್ಖಾನೆಗೆ ತನ್ನದೇ ಪ್ಲಾಂಟ್ ಇರುತ್ತದೆ. ತೊಂದರೆ ಇರುವುದು ಒಂದು ಶೆಡ್ಡಲ್ಲಿ ನಾಲ್ಕು ತೊಟ್ಟಿ ಇಟ್ಟುಕೊಂಡ ಸಣ್ಣವರಲ್ಲಿ. ಜಾಗ ಇಲ್ಲ, ಕೆಮಿಸ್ಟ್ ಇಲ್ಲ. ಕ್ರೋಮ್ ನೀರು, ನಿಕ್ಕಲ್ ನೀರು ಬೇರೆ ಬೇರೆ ಹಿಡಿಯದೆ ಒಂದೇ ತೊಟ್ಟಿಗೆ ಬಿಡುತ್ತಾರೆ. ಅಲ್ಲೇ ಕೆಡುವುದು. ಕ್ರೋಮಿಯಂ-3 ಚೆನ್ನಾಗಿ ಕೂರುವುದು ಪಿಎಚ್ 8ರ ಆಸುಪಾಸು. ಅದಕ್ಕಿಂತ ಬಹಳ ಮೇಲೆ ಹೋದರೆ ಮತ್ತೆ ಕರಗಲು ಶುರು. ನಿಕ್ಕಲ್ ಕೂರಬೇಕಾದರೆ 10 ಬೇಕು. ಒಂದೇ ತೊಟ್ಟಿಯಲ್ಲಿ ಎರಡನ್ನೂ ಪೂರ್ತಿ ಇಳಿಸಲು ಆಗುವುದಿಲ್ಲ. 9ಕ್ಕೆ ನಿಲ್ಲಿಸಿದರೆ ಎರಡೂ ಸ್ವಲ್ಪ ಸ್ವಲ್ಪ ಉಳಿಯುತ್ತವೆ.

ಬರೆಯುತ್ತಾ ಹೋದಂತೆ ನನಗೇ ಅನಿಸುತ್ತಿದೆ, ಆ ಉಳಿದ ಸ್ವಲ್ಪಕ್ಕೆ ಸಿಪ್ಪೆ ಬರಬಹುದೇನೋ. ಬೀಕರ್ ಏನಂತೀರಿ?

ಬೀಕರ್

ನನ್ನ ಅಭಿಪ್ರಾಯದಲ್ಲಿ ಸಿಪ್ಪೆಗೆ ಇರುವ ಒಂದೇ ಸರಿಯಾದ ಜಾಗ ಅದು. ಲೆಕ್ಕ ಹಾಕಿ ನೋಡೋಣ.

ದಿನಕ್ಕೆ 10,000 ಲೀಟರ್ ತೊಳೆದ ನೀರು, ಅದರಲ್ಲಿ ಲೀಟರಿಗೆ 50 ಮಿಲಿಗ್ರಾಂ ಲೋಹ ಅಂದುಕೊಳ್ಳಿ. ಒಟ್ಟು 500 ಗ್ರಾಂ. ಒಂದು ಗ್ರಾಂ ಸಿಪ್ಪೆ 10 ಮಿಲಿಗ್ರಾಂ ಹಿಡಿಯುತ್ತದೆ ಅಂತ ಉದಾರವಾಗಿ ಇಟ್ಟುಕೊಂಡರೂ ದಿನಕ್ಕೆ 50 ಕೆಜಿ ಒಣ ಸಿಪ್ಪೆ ಬೇಕು. ಸಂಜೆ ಹೊತ್ತಿಗೆ ಅದು 50 ಕೆಜಿ ಒಣ ಸಿಪ್ಪೆ ಅಲ್ಲ, ನೀರು ಕುಡಿದು ಉಬ್ಬಿದ ವಿಷದ ರಾಶಿ. ತಿಂಗಳಿಗೆ ಟನ್‌ಗಟ್ಟಲೆ. ಸುಣ್ಣದ ಗಸಿಯೇ ಇದಕ್ಕಿಂತ ವಾಸಿ.

ಈಗ ಮೊದಲು ಸುಣ್ಣ ಹಾಕಿ, ಲೀಟರಿಗೆ ಉಳಿದ 3 ಮಿಲಿಗ್ರಾಂಗೆ ಮಾತ್ರ ಸಿಪ್ಪೆ ಬಳಸಿ ಅಂದರೆ ಒಟ್ಟು 30 ಗ್ರಾಂ ಲೋಹ. ನೀರಲ್ಲಿ ಲೋಹ ಕಮ್ಮಿ ಇದ್ದಾಗ ಸಿಪ್ಪೆ ಹಿಡಿಯುವುದೂ ಕಮ್ಮಿ. ಗ್ರಾಂಗೆ 3 ಮಿಲಿಗ್ರಾಂ ಇಟ್ಟರೆ 10 ಕೆಜಿ ಸಾಕು. ಸಿಪ್ಪೆಯನ್ನು ಒಂದು ಕೊಳವೆಗೆ ತುಂಬಿ ಅದರೊಳಗೆ ನೀರು ಹಾಯಿಸಬೇಕು, ಪಿಎಚ್ ಅನ್ನು ಮೊದಲು 6ಕ್ಕೆ ತರಬೇಕು. ಸಿಪ್ಪೆ ಪುಡಿ ತುಂಬಿದರೆ ನಡೆಯುವುದಿಲ್ಲ, ಉಬ್ಬಿ ಕಟ್ಟಿಕೊಳ್ಳುತ್ತದೆ. ನಾರನ್ನು ಕತ್ತರಿಸಿದ ತುಂಡು ಬೇಕು. ಸಿಟ್ರಿಕ್ ಆಸಿಡ್ ಸವರಿ ಬಿಸಿ ಮಾಡಿದರೆ ಕಾರ್ಬಾಕ್ಸಿಲ್ ಜಾಗಗಳು ಹೆಚ್ಚಾಗುತ್ತವೆ. ನಿಂಬೆ ಉಪ್ಪು ಅಂತ ಅಂಗಡಿಯಲ್ಲಿ ಸಿಗುವುದು ಅದೇ.

ಒಂದು ಎಚ್ಚರಿಕೆ. ನಿಕ್ಕಲ್ ತೊಟ್ಟಿಯಲ್ಲಿ ಅಮೋನಿಯಾ, ಸಿಟ್ರೇಟ್ ಥರದ್ದು ಬಳಸಿದ್ದರೆ ಅವು ನಿಕ್ಕಲನ್ನು ತಬ್ಬಿಕೊಂಡಿರುತ್ತವೆ. ಸುಣ್ಣಕ್ಕೂ ಬಗ್ಗುವುದಿಲ್ಲ, ಸಿಪ್ಪೆಗೂ ಬಗ್ಗುವುದಿಲ್ಲ.

ಸಿಂಧನೂರು ಮಿಲ್

ಎಲ್ಲರೂ ಹೊಟ್ಟು, ಸಿಪ್ಪೆ ಬಿಟ್ಟಿ ಸಿಗುತ್ತದೆ ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಕಡೆ ಭತ್ತದ ಹೊಟ್ಟು ಬಿಟ್ಟಿ ಇಲ್ಲ. ಭತ್ತದ ತೂಕದ ಐದನೇ ಒಂದು ಭಾಗ ಹೊಟ್ಟು. ಅದರಲ್ಲೇ ಬಾಯ್ಲರ್ ಉರಿಯುತ್ತದೆ, ಉಳಿದದ್ದು ಇಟ್ಟಿಗೆ ಗೂಡಿಗೆ ಹೋಗುತ್ತದೆ. ಕಬ್ಬಿನ ಸಿಪ್ಪೆ ಸಕ್ಕರೆ ಕಾರ್ಖಾನೆಯಲ್ಲೇ ಕರೆಂಟ್ ಆಗುತ್ತದೆ. ನಿಜವಾಗಿ ಬಿಸಾಡುವ ವಸ್ತು ಅಂದರೆ ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆ. ಹಾಗೆ ನೋಡಿದರೆ ಹೊಟ್ಟಿನ ಬೂದಿಯೇ ನಮಗೆ ತಲೆನೋವು. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರಲ್ಲಿ ಹೊಟ್ಟಿನ ಬೂದಿ ಹಾಕಿದ್ದರಲ್ವಾ, ಅದು ಲೋಹ ತೆಗೆಯುತ್ತಾ?

ಬೀಕರ್

ಅದು ಬೂದಿಗೆ ನ್ಯಾನೋ ಬೆಳ್ಳಿ ಹಚ್ಚಿದ ಫಿಲ್ಟರ್. ಕೆಲಸ ಬ್ಯಾಕ್ಟೀರಿಯಾ ಕೊಲ್ಲುವುದು. ಲೋಹಕ್ಕೆ ಅಂತ ಮಾಡಿದ್ದಲ್ಲ.

ಬಿಟ್ಟಿ ಅನ್ನುವ ಮಾತಿನ ಬಗ್ಗೆ ನೀವು ಹೇಳಿದ್ದು ಸರಿ. ನಮ್ಮ ಕ್ಷೇತ್ರದ ಬರಹಗಳಲ್ಲಿ ಮೊದಲ ಸಾಲೇ ಅಗ್ಗದ ವಸ್ತು ಅಂತ. ಸಾಗಣೆ, ತೊಳೆತ, ಒಣಗಿಸುವುದು, ಕೊನೆಗೆ ವಿಲೇವಾರಿ, ಇದನ್ನೆಲ್ಲ ಸೇರಿಸಿ ಲೆಕ್ಕ ಕೊಡುವವರು ಕಮ್ಮಿ. ಅಮೆರಿಕದಲ್ಲಿ ಪಾಚಿಯಿಂದ ಮಾಡಿದ ಆಲ್ಗಾಸಾರ್ಬ್, ಅಲ್ಲಿನ ಗಣಿ ಇಲಾಖೆ ಮಾಡಿದ ಬಯೋಫಿಕ್ಸ್ ಅನ್ನುವ ಮಣಿಗಳು ಬಂದವು. ಚೆನ್ನಾಗಿಯೇ ಕೆಲಸ ಮಾಡಿದವು. ಆದರೂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಕಾರ್ಖಾನೆಯವರಿಗೆ ಪ್ರತಿ ಸಲವೂ ಒಂದೇ ಥರ ಇರುವ ವಸ್ತು ಬೇಕು. ಕಾರ್ಖಾನೆಯಲ್ಲೇ ತಯಾರಾಗುವ, ಲೋಹ ಹಿಡಿಯುವ ರೆಸಿನ್ ಮಣಿ ಹಾಗಿರುತ್ತದೆ, ಬೆಳೆಯ ಸಿಪ್ಪೆ ಹಾಗಿರುವುದಿಲ್ಲ. ಹೋದ ವರ್ಷದ್ದು ಬೇರೆ, ಈ ವರ್ಷದ್ದು ಬೇರೆ. ಗೆದ್ದಿರುವುದು ತೆಂಗಿನ ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್. ಅದೂ ಕೃಷಿಯ ಕಸವೇ, ಆದರೆ ಅದನ್ನು ಒಂದೇ ಗುಣಮಟ್ಟಕ್ಕೆ ತರುವ ಕಾರ್ಖಾನೆಗಳಿವೆ.

ಸುರಪುರದಿಂದ

ನಮ್ಮ ಯಾದಗಿರಿ, ರಾಯಚೂರು ಕಡೆ ಬೋರ್ ನೀರಲ್ಲಿ ಆರ್ಸೆನಿಕ್ ಇದೆ. ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ, ಅಂಗಾಲು ಒರಟಾಗಿ, ಚರ್ಮದ ಕ್ಯಾನ್ಸರ್ ತನಕ ಹೋದದ್ದು ಪೇಪರಲ್ಲೆಲ್ಲ ಬಂದಿದೆ. ಮನೆಯಲ್ಲೇ ಬಾಳೆ ಸಿಪ್ಪೆಯ ಅಥವಾ ಶೇಂಗಾ ಸಿಪ್ಪೆ ಇದ್ದಿಲಿನ ಫಿಲ್ಟರ್ ಮಾಡಿಕೊಳ್ಳಬಹುದು ಅಂತ ವಿಡಿಯೋ ನೋಡಿದೆ. ಮಾಡಬಹುದಾ?

ಬೀಕರ್

ದಯವಿಟ್ಟು ಮಾಡಬೇಡಿ. ಆರ್ಸೆನಿಕ್ ಕೂಡ ಕ್ರೋಮೇಟ್ ಥರ ಋಣ ಚಾರ್ಜಿನದು, ಕೆಲವು ಬೋರ್ ನೀರಲ್ಲಿ ಚಾರ್ಜೇ ಇಲ್ಲದ ರೂಪದಲ್ಲೂ ಇರುತ್ತದೆ. ಸುಮ್ನೆ ಸಿಪ್ಪೆ, ಇದ್ದಿಲು ಅದನ್ನು ಹಿಡಿಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಲೇಪ ಬೇಕು, ಯಾವಾಗ ತುಂಬಿತು ಅಂತ ಅಳೆಯುವ ವ್ಯವಸ್ಥೆ ಬೇಕು. ಕುಡಿಯುವ ನೀರಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಆರ್ಸೆನಿಕ್‌ಗೆ ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ಫಿಲ್ಟರ್ ಸೋತರೂ ನಿಮಗೆ ಗೊತ್ತಾಗುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿ ಆಗುತ್ತದೆ. ಜಿಲ್ಲಾ ಲ್ಯಾಬಲ್ಲಿ ಬೋರ್ ನೀರು ಪರೀಕ್ಷೆ ಮಾಡಿಸಿ, ಕುಡಿಯಲು, ಅಡುಗೆಗೆ ಬೇರೆ ಮೂಲದ ನೀರು ಬಳಸಿ. ಮಳೆ ನೀರು ಹಿಡಿದಿಟ್ಟರೂ ಅದಕ್ಕಿಂತ ಒಳ್ಳೆಯದು.

ಎಂಟನೇ ಕ್ಲಾಸ್ ಮೇಷ್ಟ್ರು

ನಮ್ಮ ಮಕ್ಕಳು ವಿಜ್ಞಾನ ಮೇಳಕ್ಕೆ ಇದನ್ನೇ ಮಾಡಬೇಕು ಅನ್ನುತ್ತಿದ್ದಾರೆ. ಯಾವ ಲೋಹ ಬಳಸಲಿ?

ಬೀಕರ್

ಸೀಸ, ಕ್ರೋಮಿಯಂ ಮಕ್ಕಳ ಕೈಗೆ ಬೇಡವೇ ಬೇಡ. ಮೈಲುತುತ್ತ ಚಿಟಿಕೆಯಷ್ಟು ಬಳಸಿ. ನೀಲಿ ಬಣ್ಣ ಕಮ್ಮಿ ಆಗುವುದು ಕಣ್ಣಿಗೆ ಕಾಣುತ್ತದೆ. ಸಿಪ್ಪೆ ಬಣ್ಣ ಬಿಡದ ಹಾಗೆ ಮೊದಲೇ ಕುದಿಸಿ ತೊಳೆದಿರಲಿ. ಆಮೇಲೆ ಆ ಸಿಪ್ಪೆ ಮೇಲೆ ಸ್ವಲ್ಪ ವಿನೆಗರ್ ಹಾಕಿಸಿ. ಹಿಡಿದ ತಾಮ್ರ ಒಂದಷ್ಟು ವಾಪಸ್ ಬರುತ್ತದೆ. ಮಕ್ಕಳು ನೋಡಬೇಕಾದ್ದು ಅದನ್ನೇ. ಕೈಗವಸು ಹಾಕಿಸಿ, ಉಳಿದ ನೀರನ್ನು ಮೋರಿಗೆ, ಕೆರೆಗೆ ಚೆಲ್ಲಬೇಡಿ. ಮೀನಿಗೆ ತಾಮ್ರ ವಿಷ.

ಇಟಿಪಿ ಶಿಫ್ಟ್ (ಪೀಣ್ಯ)

ವಾಪಸ್ ಬರುತ್ತದೆ ಅಂದಿರಲ್ಲ, ನಾನು ಕಾಯುತ್ತಿದ್ದ ವಿಷಯ ಅದು. ಲೋಹ ತುಂಬಿದ ಸಿಪ್ಪೆ ಏನು ಮಾಡುವುದು?

ಗೊಬ್ಬರಕ್ಕೆ ಹಾಕುವ ಹಾಗಿಲ್ಲ. ಸಿಪ್ಪೆ ಕೊಳೆಯುತ್ತದೆ, ಲೋಹ ಕೊಳೆಯುವುದಿಲ್ಲ. ಬಾಯ್ಲರಿಗೆ ಹಾಕಿ ಅನ್ನುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಕ್ಯಾಡ್ಮಿಯಂ, ಸೀಸ ಹೊಗೆಯಲ್ಲಿ ಹೋಗುತ್ತವೆ. ಕ್ರೋಮಿಯಂ-3 ಸುಣ್ಣದ ಅಂಶದ ಜೊತೆ ಗಾಳಿಯಲ್ಲಿ ಕಾದರೆ ಮತ್ತೆ ಕ್ರೋಮಿಯಂ-6 ಆಗಬಹುದು. ನಾವು ಔಷಧಿ ಸುರಿದು ಇಳಿಸಿದ್ದು ಬೂದಿಯಲ್ಲಿ ವಾಪಸ್. ಹಾಗಾಗಿ ಅದನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರವೇ ನೋಡಿಕೊಳ್ಳಬೇಕು.

ನನಗೆ ಕಾಣುವ ದಾರಿ ಒಂದೇ. ಕೊಳವೆಯ ಸಿಪ್ಪೆಯಲ್ಲಿ ಲೋಹ ತುಂಬಿದ ಮೇಲೆ ತೆಳು ಆಸಿಡ್ ಹಾಯಿಸಿ ಲೋಹ ಬಿಡಿಸಬೇಕು. ಆ ಆಸಿಡ್ ಸ್ವಲ್ಪವೇ ಇರುತ್ತದೆ. ಅದನ್ನು ನಮ್ಮ ಮೊದಲ ತೊಟ್ಟಿಗೇ ವಾಪಸ್ ಬಿಡುವುದು. ಅಲ್ಲಿ ಹೇಗೂ ಆಸಿಡ್ ಬೇಕು. ಲೋಹ ಮತ್ತೆ ಸುಣ್ಣದ ಗಸಿಗೆ ಹೋಗಿ, ಒಂದೇ ಬಾಗಿಲಿಂದ ಹೊರಗೆ ಹೋಗುತ್ತದೆ. ಸಿಪ್ಪೆಯನ್ನು ಕೆಲವು ಸಲ ಬಳಸಿ, ಸವೆದ ಮೇಲೆ ಗಸಿಯ ಜೊತೆಗೇ ಕಳಿಸುವುದು. ಹೀಗಾದರೆ ನಾನು ನನ್ನ ಕಡೆ ಒಂದು ಕೊಳವೆ ಹಾಕಿಸಿ ನೋಡಲು ತಯಾರು. ಅದರ ಜೊತೆ ನಿಕ್ಕಲ್ ನೀರನ್ನು ಬೇರೆ ಹಿಡಿಯಲು ಒಪ್ಪುವ ಮಾಲೀಕರೂ ಬೇಕು. ಕೆಳಗಿನವರಿಗೆ ನಿಜವಾಗಿ ಉಪಯೋಗ ಆಗುವುದು ಆ ಎರಡನೆಯದರಿಂದ.

ನದಿ ಕೆಳಗಿನವಳು

ಯಾವ ಯೂನಿಟ್ ನೀರು ಬೇರೆ ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಅನ್ನುವುದು ನಮಗೆ ಕಾಣುವ ಹಾಗೆ ಹಾಕಬೇಕು. ಕೆರೆ ನೀರು ಪರೀಕ್ಷೆ ಮಾಡಿ ಕೆಟ್ಟಿದೆ ಅಂತ ಹೇಳುವವರು ಬಂದು ಹೋಗುತ್ತಾರೆ. ಕೆಟ್ಟಿದೆ ಅಂತ ನಮಗೆ ಮೊದಲೇ ಗೊತ್ತು.

ತೋಟದಮನೆ (ತೀರ್ಥಹಳ್ಳಿ)

ಅರ್ಥವಾಯಿತು. ಊರ ಸಿಪ್ಪೆಯೆಲ್ಲ ಇದಕ್ಕೆ ಹೋಗುವುದಿಲ್ಲ, ಒಂದು ಲೋಡೂ ಬೇಕಾಗಲಿಕ್ಕಿಲ್ಲ. ಉಳಿದದ್ದನ್ನು ಸಗಣಿ ನೀರು ಹಾಕಿ ಕೊಳೆಸಿ ತೋಟಕ್ಕೇ ಹಾಕುವುದು ಒಳ್ಳೆಯದು. ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ, ಸುಡುವುದಕ್ಕಿಂತ ಲಾಭ.

ಪರೀಕ್ಷೆಗೆ ಬೇಕಾದ ಸಿಪ್ಪೆ ನಾನು ಕೊಡುತ್ತೇನೆ. ದುಡ್ಡು ಬೇಡ. ಹೇಗೆ ಕಳಿಸಲಿ?

ಬೀಕರ್

ಬೋರ್ಡೋ ಹೊಡೆದ ಮರದ್ದು ಒಂದು ಚೀಲ, ಹೊಡೆಯದ ಮರ ಸಿಕ್ಕರೆ ಅದರದ್ದು ಒಂದು ಚೀಲ, ಬೇರೆ ಬೇರೆ ಕಟ್ಟಿ. ಕಬ್ಬಿಣದ ತಗಡಿನ ಮೇಲೆ ಒಣಗಿಸಬೇಡಿ, ಅಡಿಕೆ ತಟ್ಟಿಯ ಮೇಲೆ ಹರಡಿ. ಬೂಸಲು ಬಂದದ್ದು ಬೇಡ. ಚೀಲದ ಮೇಲೆ ಸುಲಿದ ದಿನ, ಕೊನೆಯ ಔಷಧಿ ಹೊಡೆದ ದಿನ ಬರೆಯಿರಿ. ಚಾಲಿ ಸಿಪ್ಪೆ ಇರುವ ಪುತ್ತೂರು, ವಿಟ್ಲ ಕಡೆಯವರು ಯಾರಾದರೂ ಇಲ್ಲಿದ್ದರೆ ನಿಮ್ಮದೂ ಒಂದು ಚೀಲ ಬೇಕು. ಇಟಿಪಿ ಶಿಫ್ಟ್, ಸುಣ್ಣ ಹಾಕಿ ಕೂರಿಸಿದ ಮೇಲಿನ ನೀರು 5 ಲೀಟರ್ ಪ್ಲಾಸ್ಟಿಕ್ ಕ್ಯಾನಲ್ಲಿ ಕೊಡಿ, ಆಸಿಡ್ ಬೆರೆಸಬೇಡಿ. ಒಟ್ಟು ಕ್ರೋಮಿಯಂ, ನಿಕ್ಕಲ್, ಸಿಒಡಿ ಮೂರೂ ಅಳೆದು ಇಲ್ಲೇ ಹಾಕುತ್ತೇನೆ, ಒಳ್ಳೆಯದು ಬಂದರೂ ಸರಿ, ಕೆಟ್ಟದ್ದು ಬಂದರೂ ಸರಿ.